‘ಕೇಜಿಗಾ?’: ಐದು ನಿಮಿಷದಿಂದ ನಲವತ್ತು ನಿಮಿಷಕ್ಕೆ

ನಾನು ವೃತ್ತಿಯಿಂದ ಮೆಡಿಕಲ್ ರೆಪ್. ವೈದ್ಯರ ಕೊಠಡಿಯ ಹೊರಗೆ ಒಂದೂವರೆ ಗಂಟೆ ಕಾದು, ಒಳಗೆ ಹೋದ ಮೇಲೆ ಎರಡೇ ನಿಮಿಷದಲ್ಲಿ, ತಲೆಯೆತ್ತಿ ನೋಡದ ಮನುಷ್ಯನಿಗೆ ನಾಲ್ಕು ಔಷಧಗಳ ಹೆಸರು ನೆನಪಿನಲ್ಲಿ ಉಳಿಯುವಂತೆ ಹೇಳಿ ಹೊರಬರುವುದು ನನ್ನ ಕೆಲಸ. ಆದ್ದರಿಂದ 2022ರ ಆಗಸ್ಟ್‌ನಲ್ಲಿ ಇಂದಿರಾನಗರದ ಕೆಫೆಯೊಂದರ ಮೊದಲ ಮಹಡಿಯಲ್ಲಿ ನಡೆಯುತ್ತಿದ್ದ ಸ್ಟ್ಯಾಂಡ್-ಅಪ್ ಕಾಮಿಡಿಯ ಓಪನ್ ಮೈಕ್‌ಗೆ ಹೆಸರು ಕೊಟ್ಟಾಗ, ಐದು ನಿಮಿಷ ಎಂಬುದು ಬಹಳ ಧಾರಾಳವಾದ ಅವಧಿ ಎಂದೇ ಭಾವಿಸಿದ್ದೆ. ಎರಡು ನಿಮಿಷ ಹತ್ತು ಸೆಕೆಂಡಿಗೆ ನನ್ನಲ್ಲಿದ್ದ ಸರಕೆಲ್ಲ ಖಾಲಿಯಾಯಿತು. ಉಳಿದ ಸಮಯದಲ್ಲಿ ನಾನು ಎದುರಿಗೆ ಕುಳಿತವರನ್ನು ಊಟವಾಯಿತೇ ಎಂದು ಎರಡು ಸಲ ಕೇಳಿದ್ದೇನೆ. ಅಂದಿನ ರೆಕಾರ್ಡಿಂಗ್ ಇನ್ನೂ ನನ್ನ ಫೋನಿನಲ್ಲಿದೆ.

ಓಪನ್ ಮೈಕ್ ಎಂದರೆ ಯಾರು ಬೇಕಾದರೂ ಬಂದು ಮೈಕು ಹಿಡಿಯಬಹುದು ಎಂದು ಹೆಸರು ಸೂಚಿಸುತ್ತದೆ, ಆದರೆ ಅಲ್ಲಿಯೂ ಒಂದು ಸರದಿಯಿದೆ. ಆಯೋಜಕರು ವಾರದ ಆರಂಭದಲ್ಲಿ ವಾಟ್ಸಾಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್ ಹಾಕುತ್ತಾರೆ. ಹೆಸರು, ಭಾಷೆ, ಇದುವರೆಗೆ ಎಷ್ಟು ಸಲ ವೇದಿಕೆ ಹತ್ತಿದ್ದೀರಿ ಎಂಬಿಷ್ಟನ್ನು ತುಂಬಿ ಕಾಯಬೇಕು. ಎರಡು ದಿನ ಬಿಟ್ಟು ಹನ್ನೆರಡು ಹದಿನೈದು ಹೆಸರುಗಳ ಪಟ್ಟಿ ಬರುತ್ತದೆ. ಒಬ್ಬೊಬ್ಬರಿಗೂ ನಾಲ್ಕೋ ಐದೋ ನಿಮಿಷ ಸಿಗುತ್ತದೆ. ಅದಕ್ಕೆ ಸ್ಪಾಟ್ ಎನ್ನುತ್ತಾರೆ. ಸಂಭಾವನೆಯ ಮಾತೇ ಇಲ್ಲ. ಕೆಲವು ಕಡೆ ಒಂದು ಕಾಫಿಯನ್ನಾದರೂ ಕೊಳ್ಳಬೇಕು, ಇನ್ನು ಕೆಲವು ಕಡೆ ಇಬ್ಬರು ಸ್ನೇಹಿತರನ್ನು ಪ್ರೇಕ್ಷಕರಾಗಿ ಕರೆತಂದವರಿಗೆ ಮಾತ್ರ ಸ್ಪಾಟ್. ಈ ಎರಡನೆಯ ಬಗೆಯ ಜಾಗಗಳಿಂದಾಗಿ ಒಂದೂವರೆ ತಿಂಗಳಿನಲ್ಲಿ ನನ್ನ ಸ್ನೇಹಿತರ ಪಟ್ಟಿ ಮುಗಿದುಹೋಯಿತು. ಕೊನೆಗೆ ನಮ್ಮ ಸ್ಟಾಕಿಸ್ಟ್ ಅಂಗಡಿಯ ಹುಡುಗನನ್ನು ಮಸಾಲೆ ದೋಸೆಯ ಆಸೆ ತೋರಿಸಿ ಕರೆದೊಯ್ದದ್ದೂ ಉಂಟು.

ವೇದಿಕೆಯ ಮೇಲೆ ಒಂದು ನಿಮಿಷ ಉಳಿದಾಗ ಹಿಂದಿನ ಸಾಲಿನಿಂದ ಹೋಸ್ಟ್ ಫೋನಿನ ಟಾರ್ಚ್ ತೋರಿಸುತ್ತಾನೆ. ‘ಲೈಟ್ ಬಂತು’ ಎಂದರೆ ಇರುವುದನ್ನು ಮುಗಿಸಿ ಇಳಿಯಬೇಕೆಂದು ಅರ್ಥ. ಮೀರಿದವನ ಹೆಸರು ಮುಂದಿನ ಪಟ್ಟಿಯಲ್ಲಿ ಇರುವುದಿಲ್ಲ. ಎದುರಿಗೆ ಹದಿನಾಲ್ಕು ಜನ ಇದ್ದರೆ ಅವರಲ್ಲಿ ಹನ್ನೊಂದು ಮಂದಿ ತಮ್ಮ ಸರದಿಗಾಗಿ ಕಾಯುತ್ತಿರುವ ಕಾಮಿಡಿಯನ್‌ಗಳೇ. ಅವರು ನಗುವುದಿಲ್ಲ. ತಮ್ಮ ಪುಸ್ತಕದಲ್ಲಿ ಮುಖ ಹುದುಗಿಸಿ ತುಟಿ ಅಲ್ಲಾಡಿಸುತ್ತಿರುತ್ತಾರೆ, ನಿಮ್ಮ ಮಾತು ನಿಜವಾಗಿಯೂ ಚೆನ್ನಾಗಿದ್ದರೆ ಸಾವಿನ ಮನೆಯಲ್ಲಿ ತಲೆಯಾಡಿಸುವಂತೆ ಒಮ್ಮೆ ತಲೆಯಾಡಿಸುತ್ತಾರೆ. ಉಳಿದ ಮೂವರು ಕಾಫಿ ಕುಡಿಯಲು ಬಂದು ಸಿಕ್ಕಿಹಾಕಿಕೊಂಡವರು. ಇದರ ನಡುವೆ ಕೆಳಗಿನ ಕಾಫಿ ಯಂತ್ರ ಸರಿಯಾಗಿ ಪಂಚ್, ಅಂದರೆ ನಗಿಸುವ ಮಾತು, ಬರುವ ಹೊತ್ತಿಗೇ ಭುಸ್ಸೆಂದು ಹಬೆ ಬಿಡುತ್ತದೆ.

ಮೊದಲ ಎರಡು ತಿಂಗಳು ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಸ್ಟ್ಯಾಂಡ್-ಅಪ್ ಎಂದರೆ ಇಂಗ್ಲಿಷ್ ಅಥವಾ ಹಿಂದಿ ಎಂಬ ಭಾವನೆ ನನಗಿತ್ತು. ಲೋಲ್‌ಬಾಗ್‌ನಂಥ ತಂಡ ನನಗಿಂತ ಎಷ್ಟೋ ವರ್ಷ ಮೊದಲೇ ಕನ್ನಡದಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ಕೊಡುತ್ತಿತ್ತೆಂಬುದು ಆಮೇಲೆ ತಿಳಿಯಿತು. ತಿಪಟೂರಿನ ತೋಟದ ಮನೆಯಲ್ಲಿ ನಡೆದದ್ದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ನಮ್ಮ ತಂದೆ ಯಾವುದೋ ಬ್ಯಾಂಕಿನ ಮ್ಯಾನೇಜರರಂತೆ ಮಾತಾಡುತ್ತಿದ್ದರು. ಕೇಳಿದವರಿಗೆ ಅರ್ಥವಾಗುತ್ತಿತ್ತು, ನಗು ಬರುತ್ತಿರಲಿಲ್ಲ. ಮೂರನೆಯ ತಿಂಗಳಿನಲ್ಲಿ ಜಯನಗರದಲ್ಲಿ ಕನ್ನಡದವರಿಗಾಗಿಯೇ ನಡೆಯುತ್ತಿದ್ದ ಮೈಕ್ ಒಂದಕ್ಕೆ ಹೋದೆ, ಮತ್ತು ಅಲ್ಲಿ ಇನ್ನೊಂದು ಬಗೆಯ ತಪ್ಪು ಮಾಡಿದೆ.

ಆ ತಪ್ಪಿಗೆ ನನ್ನ ಸೋದರಮಾವನೇ ಕಾರಣ ಎನ್ನಬೇಕು. ಚಿಕ್ಕಂದಿನಲ್ಲಿ ಗಣೇಶೋತ್ಸವದ ಪೆಂಡಾಲಿನಿಂದ ಹಿಡಿದು ರಾಜ್ಯೋತ್ಸವದ ಮೈದಾನದವರೆಗೆ ಎಲ್ಲಿ ಹಾಸ್ಯೋತ್ಸವ ನಡೆದರೂ ಅವರು ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್ ಅವರ ಮಾತುಗಳ ಕ್ಯಾಸೆಟ್, ಸಿ.ಡಿ.ಗಳು ನಮ್ಮ ಮನೆಯಲ್ಲಿ ಭಕ್ತಿಗೀತೆಗಳ ಪಕ್ಕದಲ್ಲೇ ಇದ್ದವು. ಆ ಪರಂಪರೆಯಲ್ಲಿ ಬೀಚಿಯವರ ತಿಂಮನ ಪ್ರಸಂಗವನ್ನು ನೆನಪಿಟ್ಟುಕೊಂಡು ಸೊಗಸಾಗಿ ಹೇಳುವುದು ಒಂದು ಯೋಗ್ಯತೆ. ಗಾದೆಯನ್ನು ಯಾರು ಕಟ್ಟಿದರೆಂದು ಯಾರೂ ಕೇಳದ ಹಾಗೆ ಒಂದು ನಗೆಹನಿ ಹತ್ತು ಬಾಯಿಗಳಲ್ಲಿ ತಿರುಗಿದರೂ ಅದರಿಂದ ಯಾರಿಗೂ ನಷ್ಟವಿಲ್ಲ. ನಾನು ಜಯನಗರದ ಮೈಕಿನಲ್ಲಿ ಅಂಥದ್ದೇ ಒಂದು ಪ್ರಸಂಗವನ್ನು ಹೇಳಿ ಮೂರು ತಿಂಗಳಲ್ಲಿ ಮೊದಲ ಸಲ ಒಳ್ಳೆಯ ನಗುವನ್ನು ಕೇಳಿದೆ. ಇಳಿದು ಬಂದಾಗ ಹೋಸ್ಟ್ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, ‘ಸರ್, ಅದು ನಿಮ್ದಲ್ಲ ಅಲ್ವಾ?’ ಎಂದು ಬಹಳ ಮೆಲ್ಲಗೆ ಕೇಳಿದ. ‘ಎಲ್ಲರಿಗೂ ಗೊತ್ತಿರೋದೇ’ ಎಂದೆ ನಾನು, ಹೆಮ್ಮೆಯಿಂದಲೇ. ‘ಇಲ್ಲಿ ಹಾಗೆ ಮಾಡಿದ್ರೆ ಕಳ್ಳ ಅಂತಾರೆ ಸರ್’ ಎಂದ.

ಅವನ ಮಾತು ಅಂದು ಚುಚ್ಚಿತು, ಆದರೆ ಹೊಸ ಕಸುಬಿನ ಮೊದಲ ಕಟ್ಟಳೆಯನ್ನು ಅಷ್ಟು ಮರ್ಯಾದೆಯಿಂದ ಯಾರೂ ಹೇಳಿಕೊಡಲಾರರು ಎಂದು ಈಗ ಅನ್ನಿಸುತ್ತದೆ. ಹಾಸ್ಯೋತ್ಸವದವರು ಕೀಳು, ನಾವು ಮೇಲು ಎಂದು ಮಾತಾಡುವ ನಮ್ಮ ಕಡೆಯ ಕೆಲವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊಮ್ಮಗಳಿಂದ ಅಜ್ಜಿಯವರೆಗೆ ಮೂರು ತಲೆಮಾರು ಒಟ್ಟಿಗೆ ಕುಳಿತ ಮೈದಾನವನ್ನು ಒಂದು ಗಂಟೆ ನಗಿಸುವುದು ಹವಾನಿಯಂತ್ರಿತ ಕೋಣೆಯಲ್ಲಿ ಅರವತ್ತು ಜನರನ್ನು ನಗಿಸುವುದಕ್ಕಿಂತ ಸುಲಭವೇನಲ್ಲ. ಕಟ್ಟಳೆಗಳು ಬೇರೆ, ಅಷ್ಟೇ.

ಅಂದಿನಿಂದ ನನ್ನದೇ ಆದದ್ದನ್ನು ಬರೆಯತೊಡಗಿದೆ. ರೆಪ್‌ಗಳು ಪ್ರತಿ ಸಂಜೆ ಕಂಪನಿಗೆ ಡಿ.ಸಿ.ಆರ್. ಕಳುಹಿಸಬೇಕು, ಎಷ್ಟು ವೈದ್ಯರನ್ನು ಕಂಡೆ, ಯಾವ ಔಷಧದ ಬಗ್ಗೆ ಮಾತಾಡಿದೆ ಎಂಬ ದಿನದ ವರದಿ ಅದು. ಅದೇ ಮಾದರಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನಾಂಕ, ಜಾಗ, ಜನರ ಸಂಖ್ಯೆ, ಹೇಳಿದ ಬಿಟ್ (ಒಂದು ವಿಷಯದ ಸುತ್ತ ಕಟ್ಟಿದ ಹಾಸ್ಯದ ತುಣುಕು), ನಗು ಬಂದ ವಾಕ್ಯ ಎಂದು ಅಂಕಣ ಮಾಡಿದೆ. ಮೈಕ್ ಮುಗಿದ ಮೇಲೆ ಇಂದಿರಾನಗರದಿಂದ ವಿಜಯನಗರದವರೆಗಿನ ಅರ್ಧ ಗಂಟೆಯ ಮೆಟ್ರೋ ಪ್ರಯಾಣದಲ್ಲಿ ಇಯರ್‌ಫೋನ್ ಹಾಕಿಕೊಂಡು ಅಂದಿನ ಧ್ವನಿಮುದ್ರಣವನ್ನು ಕೇಳುವುದು, ಬರೆಯುವುದು. ತನ್ನದೇ ಸೋತ ಮಾತನ್ನು ರಾತ್ರಿ ಹತ್ತೂವರೆಗೆ ಕೇಳುವುದು ಸುಖದ ಕೆಲಸವಲ್ಲ. ಒಂದು ಸ್ಪಾಟಿನಲ್ಲಿ ‘ಆಕ್ಚುಲಿ’ ಎಂಬ ಪದವನ್ನು ಮೂವತ್ತೊಂದು ಸಲ ಬಳಸಿದ್ದೆ.

ಈ ಕೇಳುವಿಕೆಯಿಂದಲೇ ನನಗೆ ಮುಖ್ಯವಾದ ಸಂಗತಿಯೊಂದು ಹೊಳೆಯಿತು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ನಗಿಸುವ ಪದ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ. ಜನ ನಗಲು ಬಾಯಿ ತೆರೆಯುವ ಹೊತ್ತಿಗೆ ನಾನಿನ್ನೂ ವಾಕ್ಯದ ಬಾಲವನ್ನು ಎಳೆಯುತ್ತಿರುತ್ತೇನೆ, ಅವರು ಮರ್ಯಾದೆಗೆ ಬಾಯಿ ಮುಚ್ಚಿಕೊಳ್ಳುತ್ತಾರೆ. ನನ್ನ ಹಳೆಯ ಬಿಟ್ ಒಂದು ಹೀಗಿತ್ತು: ಮೂರು ವರ್ಷದಿಂದ ನನ್ನ ಮುಖವನ್ನೇ ನೋಡದ ಡಾಕ್ಟರ ಬಳಿಗೆ ಜ್ವರ ಬಂದಾಗ ದುಡ್ಡು ಕೊಟ್ಟು ಚೀಟಿ ಮಾಡಿಸಿ ರೋಗಿಯಾಗಿ ಹೋಗುತ್ತೇನೆ. ಅಂದು ಅವರು ತಲೆಯೆತ್ತಿ ನೋಡಿ, ಮೊದಲ ಸಲ ಬರುತ್ತಿದ್ದೀರಾ ಎಂದು ಕೇಳುತ್ತಾರೆ. ಆಮೇಲೆ, ‘ಎದುರು ಕಂಪನಿ ಮಾತ್ರೆಯನ್ನ ಬರೆದುಕೊಟ್ರು.’ ನಾಲ್ಕು ಮೈಕುಗಳಲ್ಲಿ ಇದಕ್ಕೆ ಬಂದದ್ದು ಸಣ್ಣ ಮೂಗಿನ ಉಸಿರು. ಐದನೆಯ ಸಲ ವಾಕ್ಯವನ್ನು ತಿರುಗಿಸಿದೆ: ‘ಬರೆದುಕೊಟ್ಟಿದ್ದು... ಎದುರು ಕಂಪನಿ ಮಾತ್ರೆ.’ ಹನ್ನೆರಡು ಜನ ಒಟ್ಟಿಗೆ ನಕ್ಕರು. ಮಾತ್ರೆಯೂ ಅದೇ, ಡಾಕ್ಟರೂ ಅವರೇ. ಬದಲಾದದ್ದು ‘ಬರೆದುಕೊಟ್ಟಿದ್ದು’ ಎಂಬ ರೂಪ ಮಾತ್ರ. ಊರಿನ ಕಟ್ಟೆಯ ಮೇಲೆ ಕುಳಿತು ಸುದ್ದಿ ಹೇಳುವವರು ‘ಬಂದವನು ಯಾರು ಗೊತ್ತಾ’, ‘ಕೊಟ್ಟಿದ್ದು ಎಷ್ಟು ಗೊತ್ತಾ’ ಎಂದು ಸದಾ ಹೀಗೇ ಮಾತಾಡುತ್ತಾರೆ. ನಾನು ಬರೆಯಲು ಕುಳಿತಾಗ ಮಾತ್ರ ಶಾಲೆಯ ವ್ಯಾಕರಣ ಪುಸ್ತಕದಂತೆ ಕರ್ತೃ, ಕರ್ಮ, ಕ್ರಿಯಾಪದ ಎಂದು ಸಾಲಾಗಿ ಜೋಡಿಸುತ್ತಿದ್ದೆ.

ಇನ್ನೊಂದು ಬಾಲ ‘ಅಂತ’. ಕನ್ನಡದಲ್ಲಿ ಒಬ್ಬರ ಮಾತನ್ನು ಹೇಳಿದ ಮೇಲೆ ‘ಅಂತ ಕೇಳಿದ್ರು’, ‘ಅಂತ ಬೈದ್ರು’ ಎಂದು ಅದಕ್ಕೊಂದು ಗಂಟು ಹಾಕುವುದು ರೂಢಿ. ಆ ಗಂಟು ಎಷ್ಟು ಸಲ ನನ್ನ ಪಂಚ್‌ನ ಕುತ್ತಿಗೆಗೆ ಬಿದ್ದಿದೆಯೆಂಬುದಕ್ಕೆ ಅಪ್ಪನ ಬಿಟ್ ಒಳ್ಳೆಯ ಉದಾಹರಣೆ.

2023ರ ಅಕ್ಟೋಬರ್‌ನಲ್ಲಿ ನನ್ನ ಹೆಸರು ಮೊದಲ ಸಲ ಟಿಕೆಟ್ ಇರುವ ಪ್ರದರ್ಶನಕ್ಕೆ ಬಂತು. ಇದಕ್ಕೆ ಲೈನ್‌ಅಪ್ ಎನ್ನುತ್ತಾರೆ. ನಾಲ್ಕೈದು ಮಂದಿ ತಲಾ ಹತ್ತು ಹನ್ನೆರಡು ನಿಮಿಷ ಮಾಡುತ್ತಾರೆ. ಅಲ್ಲಿಗೆ ತಲುಪಲು ಓಪನ್ ಮೈಕ್‌ಗಳಲ್ಲಿ ‘ಟೈಟ್ ಫೈವ್’, ಅಂದರೆ ಎಲ್ಲಿ ಯಾವಾಗ ಹೇಳಿದರೂ ಕೈಕೊಡದ ಐದು ನಿಮಿಷ, ಇದೆಯೆಂದು ತೋರಿಸಿರಬೇಕು. ನನಗೆ ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ನೋಟ್‌ಬುಕ್ಕಿನ ಲೆಕ್ಕದಲ್ಲಿ ನೂರ ಮೂವತ್ತೇಳು ಸ್ಪಾಟ್‌ಗಳು. ಟಿಕೆಟ್ ದರ 149 ರೂಪಾಯಿ. ಈ ಸಂತೋಷವನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ತೆಂಗು ಬೆಳೆಗಾರರು. ಪ್ರತಿ ಸಂಜೆ ಫೋನ್ ಮಾಡಿ ನನ್ನ ಊಟದ ವಿಚಾರಕ್ಕಿಂತ ಮೊದಲು ಕೊಬ್ಬರಿಯ ದರವನ್ನು ಹೇಳುವವರು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಅದು ಹತ್ತು ಸಾವಿರದ ಕೆಳಗೇ ಓಡುತ್ತಿತ್ತು. ನೂರ ನಲವತ್ತೊಂಬತ್ತು ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೇಜಿಗಾ?’ ಎಂದರು. ಇದರಲ್ಲಿ ನಾನು ಕಟ್ಟಿದ್ದು ಏನೂ ಇಲ್ಲ.

ಮರುದಿನವೇ ಅದನ್ನು ವೇದಿಕೆಯ ಮೇಲೆ ಹೇಳಿದೆ: ‘ಕೇಜಿಗೆ ನೂರ ನಲವತ್ತೊಂಬತ್ತಾ ಅಂತ ನಮ್ಮಪ್ಪ ಕೇಳಿದ್ರು.’ ಸತ್ತುಹೋಯಿತು. ನಿಜವಾಗಿ ನಡೆದದ್ದು, ನಾನೇ ನಕ್ಕದ್ದು, ಹೇಗೆ ಸತ್ತಿತೆಂದು ಮೆಟ್ರೋದಲ್ಲಿ ಮೂರು ಸಲ ಕೇಳಿದ ಮೇಲೆ ತಿಳಿಯಿತು. ಕೇಳಿದವರ ಹೆಸರನ್ನು ಮೊದಲೇ ಹೇಳಿ, ದರವನ್ನು ನನ್ನ ಬಾಯಿಗೆ ಹಾಕಿಕೊಂಡು, ಅಪ್ಪನಿಗೆ ಒಂದೇ ಪದವನ್ನು ಬಿಡಬೇಕಿತ್ತು. ಈಗಿನ ರೂಪ ಇದು: ‘ಅಪ್ಪ, ಟಿಕೆಟ್ಟು ನೂರ ನಲವತ್ತೊಂಬತ್ತು. ಅಪ್ಪ ಯೋಚನೆ ಮಾಡಿದ್ರು. ...ಕೇಜಿಗಾ?’ ‘ಅಂತ’ವೂ ಇಲ್ಲ, ‘ಕೇಳಿದ್ರು’ ಎಂಬುದೂ ಇಲ್ಲ. ನಡುವಿನ ಮೌನ ಎಷ್ಟಿರಬೇಕೆಂದು ನಿರ್ಧರಿಸಲು ಇನ್ನೂ ಎಂಟು ಸ್ಪಾಟ್‌ಗಳು ಬೇಕಾದವು. ಒಂದು ಸೆಕೆಂಡಾದರೆ ಸಾಲದು, ಮೂರಾದರೆ ಮುಂದಿನ ಸಾಲಿನ ಬುದ್ಧಿವಂತನೊಬ್ಬ ತಾನೇ ಹೇಳಿಬಿಡುತ್ತಾನೆ. ಅದರ ಬೆನ್ನಿಗೆ ಟ್ಯಾಗ್, ಅಂದರೆ ಮೊದಲ ನಗುವಿಗೆ ಅಂಟಿಸುವ ಇನ್ನೊಂದು ನಗೆಮಾತು, ಕೂಡ ಸಿಕ್ಕಿತು. ‘ಅಲ್ಲಪ್ಪ, ತಲೆಗೆ ನೂರ ನಲವತ್ತೊಂಬತ್ತು’ ಅಂದೆ. ಅಪ್ಪ: ‘ಹಾಗಾದ್ರೆ ಈಗ್ಲೇ ಮಾರ್ಬೇಡ ಕಣೋ, ಅಟ್ಟದ ಮೇಲಿಟ್ಕೋ, ಬೆಲೆ ಏರತ್ತೆ.’ ಇದು ಅಪ್ಪ ಹೇಳಿದ್ದಲ್ಲ, ಆದರೆ ಅವರು ಹೇಳದೆ ಇರುವವರಲ್ಲ. ಕೊಬ್ಬರಿಯನ್ನು ಅಟ್ಟದಲ್ಲಿಟ್ಟು ದರಕ್ಕೆ ಕಾಯುವುದನ್ನು ಬಲ್ಲ ತುಮಕೂರು, ಹಾಸನದ ಕಡೆಯವರು ಇದಕ್ಕೆ ಮೊದಲಿನದಕ್ಕಿಂತ ಹೆಚ್ಚು ನಗುತ್ತಾರೆ; ಬೆಂಗಳೂರಿನಲ್ಲೇ ಹುಟ್ಟಿದವರು ಅವರನ್ನು ನೋಡಿ ನಗುತ್ತಾರೆ.

ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಹೇಳಲು ಹೆಚ್ಚಿಲ್ಲ. ಮೊದಲ ಲೈನ್‌ಅಪ್‌ನ ಸಂಭಾವನೆ 500 ರೂಪಾಯಿ. ಮೆಟ್ರೋ ತಪ್ಪಿ ಆಟೋದಲ್ಲಿ ಬಂದದ್ದರಿಂದ ಉಳಿದದ್ದು ಇನ್ನೂರ ಇಪ್ಪತ್ತು. ಒಬ್ಬ ಆಯೋಜಕರು ನಾಲ್ಕು ಪ್ರದರ್ಶನಗಳ ಹಣವನ್ನು ಕೊಡದೆಯೇ ಫೋನ್ ಸಂಖ್ಯೆ ಬದಲಾಯಿಸಿಕೊಂಡರು. ಸ್ವಂತ ಪ್ರದರ್ಶನವಾದರೆ ಮಾರಾಟದ ಆ್ಯಪ್ ತನ್ನ ಪಾಲನ್ನು ಹಿಡಿದುಕೊಳ್ಳುತ್ತದೆ, ಜಾಗದವರು ಬಾಡಿಗೆಯನ್ನೋ ಟಿಕೆಟ್ ಹಣದಲ್ಲಿ ಪಾಲನ್ನೋ ಕೇಳುತ್ತಾರೆ, ಉಳಿದದ್ದರಲ್ಲಿ ಹೋಸ್ಟ್‌ಗೆ ಮತ್ತು ನಮಗಿಂತ ಮೊದಲು ವೇದಿಕೆ ಹತ್ತುವ ಓಪನರ್‌ಗೆ ಕೊಡಬೇಕು. ನಾನು ಕೆಲಸ ಬಿಟ್ಟಿಲ್ಲ, ಬಿಡುವ ಧೈರ್ಯವೂ ಇಲ್ಲ.

ನಿಜವಾದ ದುಡ್ಡು ಇರುವುದು ನವೆಂಬರ್‌ನಲ್ಲಿ. ಬೆಂಗಳೂರಿನ ಕಂಪನಿಗಳು ರಾಜ್ಯೋತ್ಸವ ಆಚರಿಸುವ ತಿಂಗಳು ಅದು. ಕನ್ನಡದ ಕಾಮಿಡಿಯನ್‌ಗಳಿಗೆ ಮದುವೆ ಸೀಸನ್ ಇದ್ದ ಹಾಗೆ. ಒಂದು ಕಂಪನಿಯ ಎಚ್.ಆರ್. ವಿಭಾಗದವರು ರಾಜಕೀಯ, ಧರ್ಮ, ಜಾತಿ, ಕಾವೇರಿ, ಭಾಷಾ ವಿವಾದ, ಸಂಬಳ ಹಾಗೂ ಟ್ರಾಫಿಕ್ ಬಗ್ಗೆ ಮಾತಾಡಬಾರದೆಂದು ಮೇಲ್ ಕಳುಹಿಸಿದರು. ಟ್ರಾಫಿಕ್ ಏಕೆ ಬೇಡವೆಂದು ಕೇಳಿದಾಗ, ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕೆಂಬ ಸುತ್ತೋಲೆ ಈಗಷ್ಟೇ ಹೋಗಿದೆಯೆಂದರು. ಪ್ರದರ್ಶನ ಮಧ್ಯಾಹ್ನ ಒಂದು ಗಂಟೆಗೆ ಊಟದ ಕೋಣೆಯಲ್ಲಿ. ಬಲಗೈಯಲ್ಲಿ ಹೋಳಿಗೆ, ಎಡಗೈಯಲ್ಲಿ ತಟ್ಟೆ ಹಿಡಿದವನು ಚಪ್ಪಾಳೆ ತಟ್ಟಲಾರ, ಬಾಯಿ ತುಂಬಿದವನು ನಗಲಾರ ಎಂಬುದು ಅಲ್ಲಿಗೆ ಹೋಗುವವರೆಗೆ ನನಗೆ ಹೊಳೆದಿರಲಿಲ್ಲ. ಇಪ್ಪತ್ತು ನಿಮಿಷದ ಆ ಮೌನಕ್ಕೆ ನನಗೆ ಸಿಕ್ಕ ಹಣ ಅದುವರೆಗಿನ ಎಲ್ಲ ಲೈನ್‌ಅಪ್‌ಗಳ ಒಟ್ಟು ಸಂಭಾವನೆಗಿಂತ ಹೆಚ್ಚು.

ಏನು ಮಾತಾಡಬಾರದು ಎಂಬ ಪಟ್ಟಿ ಎಚ್.ಆರ್. ಕೊಡದಿದ್ದರೂ ನಮ್ಮ ತಲೆಯಲ್ಲಿ ಒಂದು ಇದ್ದೇ ಇರುತ್ತದೆ. ನಾನು ಶುರುಮಾಡುವ ಮುಂಚಿನ ವರ್ಷ, 2021ರ ನವೆಂಬರ್‌ನಲ್ಲಿ, ಸ್ಟ್ಯಾಂಡ್-ಅಪ್ ಕಾಮಿಡಿಯನ್ ಮುನಾವರ್ ಫಾರೂಕಿಯವರ ಬೆಂಗಳೂರಿನ ಪ್ರದರ್ಶನ ಪೊಲೀಸರ ಸೂಚನೆಯ ಮೇರೆಗೆ ರದ್ದಾಗಿತ್ತು. ಧಾರ್ಮಿಕ ಭಾವನೆಗಳಿಗೆ ಬೇಕೆಂದೇ ಧಕ್ಕೆ ತರುವುದಕ್ಕೆ ಶಿಕ್ಷೆ ಹೇಳುವ, ದಂಡ ಸಂಹಿತೆಯಲ್ಲಿ 295ಎ ಆಗಿದ್ದು 2024ರ ಜುಲೈನಿಂದ ನ್ಯಾಯ ಸಂಹಿತೆಯ 299 ಆಗಿರುವ ಕಲಮನ್ನು ನಮ್ಮಲ್ಲಿ ಕಾನೂನು ಓದದವರೂ ಬಾಯಿಪಾಠ ಮಾಡಿದ್ದಾರೆ. ಓಪನ್ ಮೈಕ್‌ನಲ್ಲಿ ಹೇಳಿ ನೋಡಿ ಕೈಬಿಟ್ಟ ಎರಡು ಬಿಟ್‌ಗಳು ನನ್ನಲ್ಲೂ ಇವೆ. ಚೆನ್ನಾಗಿಯೇ ಇದ್ದವು.

ಕಾನೂನಿನ ಭಯವಿಲ್ಲದೆ ಕೈಬಿಟ್ಟದ್ದು ಒಂದೇ ಒಂದು. ಹುಬ್ಬಳ್ಳಿಯ ಹಾಸ್ಟೆಲ್ ಗೆಳೆಯನ ಮಾತಿನ ಧಾಟಿಯನ್ನು ಅನುಕರಿಸುವ ಬಿಟ್ ಬೆಂಗಳೂರಿನಲ್ಲಿ ಪ್ರತಿ ಸಲವೂ ನಗು ತರುತ್ತಿತ್ತು. 2024ರಲ್ಲಿ ಹುಬ್ಬಳ್ಳಿಗೇ ಲೈನ್‌ಅಪ್ ಒಂದಕ್ಕೆ ಹೋದಾಗ ಅದನ್ನು ದೊಡ್ಡ ಅಸ್ತ್ರವೆಂದುಕೊಂಡು ಕೊನೆಗೆ ಇಟ್ಟುಕೊಂಡಿದ್ದೆ. ಪೂರ್ತಿ ಸಭಾಂಗಣ ಪರೀಕ್ಷೆಯ ಮೇಲ್ವಿಚಾರಕರಂತೆ ನನ್ನನ್ನು ನೋಡಿತು. ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಬಂದು ಕೈ ಹಿಡಿದುಕೊಂಡು, ‘ಕೊಬ್ಬರಿದು ಭಾಳ ಚಲೋ ಇತ್ತರಿ. ನಮ್ಮ ಮಾತ್ ಯಾಕ್ ಆಡಾಕ ಹೋದ್ರಿ, ನಿಮ್ಮದ ನೀವು ಆಡ್ರಿ’ ಎಂದರು. ಜೊತೆಗೆ ಬಂದಿದ್ದ ಕಾಮಿಡಿಯನ್‌ಗಳ್ಯಾರೂ ಎರಡು ವರ್ಷದಲ್ಲಿ ಇಷ್ಟು ನೇರವಾದ ಸಲಹೆ ಕೊಟ್ಟಿರಲಿಲ್ಲ.

ರೀಲ್ಸ್ ಇಲ್ಲದೆ ಟಿಕೆಟ್ ಮಾರಾಟವಾಗುವುದಿಲ್ಲ ಎಂಬುದು ಈಗ ಎಲ್ಲರೂ ಒಪ್ಪಿದ ಮಾತು. ಆದರೆ ಬರೆದು ತಿದ್ದಿದ ಬಿಟ್ ಒಂದನ್ನು ಹಾಕಿದರೆ ಅದು ಖರ್ಚಾದಂತೆ; ಕೇಳಿ ಬಂದವರು ಎರಡನೆಯ ಸಲ ನಗುವುದಿಲ್ಲ. ಆದ್ದರಿಂದ ಎಲ್ಲರೂ ಕ್ರೌಡ್ ವರ್ಕ್ ಹಾಕುತ್ತಾರೆ, ಅಂದರೆ ಮುಂದಿನ ಸಾಲಿನವರೊಡನೆ ಅಲ್ಲಿಯೇ ಹುಟ್ಟಿದ ಮಾತುಕತೆ. ಒಬ್ಬ ನೋಟರಿ ವಕೀಲರೊಡನೆ ನಾನಾಡಿದ ನಲವತ್ತೆಂಟು ಸೆಕೆಂಡಿನ ಮಾತು ಲಕ್ಷಗಟ್ಟಲೆ ಜನರನ್ನು ತಲುಪಿತು. ಪರಿಣಾಮವಾಗಿ ಮುಂದಿನ ತಿಂಗಳು ಬಂದ ಪ್ರೇಕ್ಷಕರಲ್ಲಿ ಅರ್ಧದಷ್ಟು ಜನ ನಾನು ತಮ್ಮನ್ನು ಮಾತಾಡಿಸಲೆಂದು ಕಾದು ಕುಳಿತಿದ್ದರು, ಇನ್ನರ್ಧ ಜನ ನಾನು ಮಾತಾಡಿಸುತ್ತೇನೆಂಬ ಭಯದಿಂದ ಮುಂದಿನ ಎರಡು ಸಾಲು ಖಾಲಿ ಬಿಟ್ಟಿದ್ದರು.

2025ರ ಮಧ್ಯದಲ್ಲಿ ಹನುಮಂತನಗರದ ಕಡೆಯ ಸಣ್ಣ ಸಭಾಂಗಣವೊಂದರಲ್ಲಿ ಇನ್ನೊಬ್ಬ ಕಾಮಿಡಿಯನ್ ಜೊತೆ ಸೇರಿ ಟ್ರಯಲ್ ಶೋ ಮಾಡಿದೆ. ತಲಾ ನಲವತ್ತು ನಿಮಿಷ, ಟಿಕೆಟ್ 199 ರೂಪಾಯಿ, ಬಂದವರು ಅರವತ್ತೆರಡು ಜನ. ಐದು ನಿಮಿಷದ ಎಂಟು ತುಂಡುಗಳನ್ನು ಜೋಡಿಸಿದರೆ ನಲವತ್ತು ನಿಮಿಷವಾಗುವುದಿಲ್ಲ ಎಂಬುದು ಹದಿನೆಂಟನೆಯ ನಿಮಿಷಕ್ಕೆ ಗೊತ್ತಾಯಿತು. ಜನರಿಗೆ ನಗುವಿನಿಂದಲೂ ಆಯಾಸವಾಗುತ್ತದೆ. ನಡುವೆ ಎಲ್ಲೋ ಒಂದು ಕಡೆ ಅವರನ್ನು ನಗಿಸದೆ ಸುಮ್ಮನೆ ಕಥೆ ಹೇಳಿ ಕೂರಿಸಿಕೊಳ್ಳಬೇಕು, ಮೊದಲಲ್ಲಿ ಬಿತ್ತಿದ ಮಾತೊಂದನ್ನು ಕೊನೆಯಲ್ಲಿ ಕೊಯ್ಯಬೇಕು. ಈ ಕೌಶಲ ಹಾಸ್ಯೋತ್ಸವದ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆ ರಾತ್ರಿ ಮನೆಗೆ ಬಂದು ಮಾವನ ಹಳೆಯ ಸಿ.ಡಿ.ಗಳಲ್ಲಿದ್ದ ಭಾಷಣಗಳನ್ನು ಯೂಟ್ಯೂಬಿನಲ್ಲಿ ಹುಡುಕಿ, ಈ ಸಲ ನಗದೆ, ಪೆನ್ನು ಹಿಡಿದು ಕೇಳಿದೆ. ಈಗ ಮತ್ತೆ ಮಂಗಳವಾರದ ಓಪನ್ ಮೈಕ್‌ಗಳಿಗೆ ಫಾರ್ಮ್ ತುಂಬುತ್ತಿದ್ದೇನೆ; ಹೊಸ ಐದು ನಿಮಿಷಕ್ಕೆ ಅದನ್ನು ಬಿಟ್ಟು ಬೇರೆ ಜಾಗವಿಲ್ಲ. ಹೋದ ವಾರದ ಪಟ್ಟಿಯಲ್ಲಿ ನನ್ನ ಸಂಖ್ಯೆ ಹದಿಮೂರು, ಬಂದ ನಗು ಒಂದು.

ಅಪ್ಪನ ಬಿಟ್ ಮಾತ್ರ ಈ ನಡುವೆ ತೊಂದರೆಗೆ ಸಿಕ್ಕಿತು. 2025ರಲ್ಲಿ ಕೊಬ್ಬರಿಯ ದರ ಕ್ವಿಂಟಲ್‌ಗೆ ಇಪ್ಪತ್ತು ಸಾವಿರ ದಾಟಿ ಮೇಲೆ ಹೋಯಿತು, ಕೇಜಿಗೆ ನೂರ ನಲವತ್ತೊಂಬತ್ತು ಎಂಬುದು ಬೆರಗಿನ ದರವಾಗಿ ಉಳಿಯಲಿಲ್ಲ. ತಿಪಟೂರಿನ ಕಡೆಯವರೊಬ್ಬರು ಸಭೆಯ ನಡುವಿನಿಂದಲೇ ‘ಹಳೇ ರೇಟು ಸಾರ್’ ಎಂದು ಕೂಗಿದರು. ಈಗ ಬಿಟ್‌ನಲ್ಲಿ ಅಪ್ಪ ‘ಕೇಜಿಗಾ?’ ಎಂದು ಕೇಳಿ, ‘ತೋಟಕ್ಕೇ ವಾಪಸ್ ಬಾ’ ಎನ್ನುತ್ತಾರೆ. ದರ ಮತ್ತೆ ಇಳಿದರೆ ಮತ್ತೆ ಬದಲಾಯಿಸಬೇಕು. ಹಾಗಾಗಿ ಪ್ರತಿ ಪ್ರದರ್ಶನದ ದಿನ ಸಂಜೆ ನಾನೇ ಅಪ್ಪನಿಗೆ ಫೋನ್ ಮಾಡಿ ಅಂದಿನ ಕೊಬ್ಬರಿ ದರವನ್ನು ಕೇಳಿ ಬರೆದುಕೊಳ್ಳುತ್ತೇನೆ. ಏಕೆ ಕೇಳುತ್ತೇನೆಂದು ಅವರಿಗೆ ಹೇಳಿಲ್ಲ. ಮಗನಿಗೆ ಕೊನೆಗೂ ತೋಟದ ಮೇಲೆ ಮನಸ್ಸಾಗಿದೆ ಎಂದು ಅವರು ಅಮ್ಮನ ಹತ್ತಿರ ಹೇಳಿಕೊಂಡಿದ್ದಾರಂತೆ.